ಮೂರನೇ ದಿನ ಸಿಗುವ ಊರು

ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮರುವಾರ ನಾನೂ ನನ್ನ ಗಂಡನೂ ಮಡಿಕೇರಿಯಿಂದ ಕಾರು ಹತ್ತಿ ಸಂಪಾಜೆ ಘಾಟಿ ಇಳಿದೆವು. ಹಿಂದಿನ ಸೀಟಿನಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಎಕ್ಸ್‌ಟೆನ್ಶನ್ ಬೋರ್ಡ್, ಬೇರೆ ಬೇರೆ ಕಂಪನಿಯ ಎರಡು ಸಿಮ್ ಹಾಕಿದ ಹಳೇ ಫೋನು, ಎರಡು ಕಿಲೋ ಕಾಫಿಪುಡಿ, ದಾರಿಯಲ್ಲಿ ಯಾರಿಗಾದರೂ ಕೊಡಲಿಕ್ಕಾಯಿತು ಅಂತ ಅತ್ತೆ ಕಟ್ಟಿಕೊಟ್ಟ, ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿಯ ಸಣ್ಣ ಬಾಟಲಿ. ಇಬ್ಬರೂ ರಜೆ ಹಾಕಿರಲಿಲ್ಲ. ಅವರದು ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಕೆಲಸ. ನಾನು ಇಲ್ಲಿನ ಕಾಫಿ ವ್ಯಾಪಾರಿಗಳ, ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುವವಳು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಈ ಎರಡು ತಾರೀಕು ಬಿಟ್ಟು ನನ್ನ ಬದುಕಿನಲ್ಲಿ ಯಾವ ಕಾರ್ಯಕ್ರಮವೂ ನಿಗದಿ ಆಗುವುದಿಲ್ಲ.

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆರಾಮಾಗಿ ಮುಟ್ಟಬಹುದು. ನಾವು ಎರಡು ವಾರ ತೆಗೆದುಕೊಂಡೆವು. ಮಲ್ಪೆ, ಮರವಂತೆ, ಹೊನ್ನಾವರ, ಕಾರವಾರ ಅಂತ ನಾಲ್ಕೇ ತಂಗುದಾಣ. ಒಂದೊಂದು ಕಡೆ ಮೂರು ನಾಲ್ಕು ದಿನ.

"ಅದೆಂಥ ರಜೆ, ಲ್ಯಾಪ್‌ಟಾಪ್ ಹೊತ್ತುಕೊಂಡು?" ಅಂತ ತುಂಬಾ ಜನ ಕೇಳಿದರು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಮ್ಮೂರ ಮಾತು ಹೇಳುತ್ತೇನೆ. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಪ್ರವಾಸಿಗರ ವಾರ ಹೇಗಿರುತ್ತದೆ ಅಂತ ಗೊತ್ತು. ಶುಕ್ರವಾರ ರಾತ್ರಿ ಬೆಂಗಳೂರು ಬಿಡುತ್ತಾರೆ. ಶನಿವಾರ ಅಬ್ಬಿ ಜಲಪಾತ, ಮಾಂದಲ್‌ಪಟ್ಟಿಗೆ ಜೀಪು, ಸಂಜೆ ರಾಜಾಸೀಟ್. ಭಾನುವಾರ ದುಬಾರೆ, ಮಧ್ಯಾಹ್ನದ ಊಟ, ವಾಪಸ್. ಅವರನ್ನು ನಾನು ದೂರುತ್ತಿಲ್ಲ, ಅವರಿಗಿರುವುದು ಎರಡೇ ದಿನ. ಆದರೆ ಅವರು ನೋಡುವ ಕೊಡಗಿನಲ್ಲಿ ಮಂಗಳವಾರ ಇಲ್ಲ. ಕಣದಲ್ಲಿ ಕಾಫಿ ಒಣಗುವುದಿಲ್ಲ, ಮೋಡ ಕಂಡು ಓಡಿಹೋಗಿ ಟಾರ್ಪಾಲು ಮುಚ್ಚುವವರಿಲ್ಲ, ಬೆಳಿಗ್ಗೆ ಹಾರ್ನ್ ಹೊಡೆಯುತ್ತ ಬರುವ ಮೀನಿನವನಿಲ್ಲ. ಕೆಲವು ವರ್ಷದ ಹಿಂದೆ ನಾವೂ ಗೋವಾಕ್ಕೆ ಹಾಗೇ ಹೋಗಿ ಬಂದಿದ್ದೆವು. ಫೋನಿನಲ್ಲಿ ರಾಶಿ ಫೋಟೋ ಉಂಟು. ಒಬ್ಬ ಮನುಷ್ಯನ ಮುಖವೂ ನೆನಪಿಲ್ಲ.

ಕೆಲಸ ಜೊತೆಗಿದ್ದರೆ ಊರಿಂದೂರಿಗೆ ಓಡಲಿಕ್ಕಾಗುವುದಿಲ್ಲ. ಅದೇ ಅದರ ದೊಡ್ಡ ಲಾಭ. ಒಂಬತ್ತೂವರೆಗೆ ಮೀಟಿಂಗ್ ಇದ್ದವನು ಎಲ್ಲೋ ಒಂದು ಕಡೆ ಕೂರಲೇಬೇಕು. ಹಾಗೆ ಕೂತ ಜಾಗ ನಿಧಾನಕ್ಕೆ ನಮ್ಮ ಜೊತೆ ಮಾತಾಡಲು ಶುರು ಮಾಡುತ್ತದೆ. ನಾವಿಬ್ಬರೂ ಒಂದೇ ನಿಯಮ ಮಾಡಿಕೊಂಡಿದ್ದೆವು: ಐದೂವರೆಗೆ ಲ್ಯಾಪ್‌ಟಾಪ್ ಮುಚ್ಚಬೇಕು. ಡಿಸೆಂಬರ್‌ನಲ್ಲಿ ಆ ಕಡೆ ಆರು ಗಂಟೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ.

ಮಲ್ಪೆಯಲ್ಲಿ ಮೀಟಿಂಗಿಗೆ ಮುಂಚೆ, ಇನ್ನೂ ಕತ್ತಲಿರುವಾಗಲೇ, ಬಂದರಿಗೆ ಹೋಗುತ್ತಿದ್ದೆವು. ಮೊದಲ ದಿನ ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಂತು ಬೈಸಿಕೊಂಡೆವು. ಎರಡನೇ ದಿನ ಎಲ್ಲಿ ನಿಲ್ಲಬೇಕು ಅಂತ ತಿಳಿಯಿತು. ಮೂರನೇ ದಿನ ಮೀನು ವಿಂಗಡಿಸುತ್ತಿದ್ದ ಒಬ್ಬರು ಹೆಂಗಸು ತಾವಾಗಿ ಕೇಳಿದರು, ಯಾವೂರು ಅಂತ. ನಮ್ಮಲ್ಲಿ ಮತ್ತಿ ಅನ್ನುವ ಮೀನಿಗೆ ಅಲ್ಲಿ ಬೂತಾಯಿ, ಕಾರವಾರಕ್ಕೆ ಹೋದರೆ ತಾರ್ಲೆ. ಕೊಡಗಿಗೆ ಬರುವಷ್ಟರಲ್ಲಿ ಆ ಮೀನಿನ ಕಣ್ಣು ಮಸುಕಾಗಿರುತ್ತದೆ. ಅಲ್ಲಿ ಗಾಜಿನ ಹಾಗೆ ಹೊಳೆಯುತ್ತಿತ್ತು.

11ನೇ ತಾರೀಕು ಮಾತ್ರ ಕಷ್ಟವಾಯಿತು. ಮರವಂತೆ ಹತ್ತಿರ ನಾವು ಹಿಡಿದ ರೂಮಿನವರು ಇಂಟರ್‌ನೆಟ್ ಉಂಟು ಅಂತ ಹೇಳಿ ದುಡ್ಡೂ ಜಾಸ್ತಿ ತೆಗೆದುಕೊಂಡಿದ್ದರು. ಹೋಗಿ ನೋಡಿದರೆ ಪೆಟ್ಟಿಗೆ ಗೋಡೆಯಲ್ಲಿತ್ತು, ಸಂಪರ್ಕ ಇರಲಿಲ್ಲ. ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ ಇರುವ ಆ ಚಂದದ ರಸ್ತೆಯ ಬದಿಗೆ ಕಾರು ನಿಲ್ಲಿಸಿ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸಿಗ್ನಲ್ ಬಂದಾಗ ಒಂದೊಂದೇ ರಿಟರ್ನ್ ಸಲ್ಲಿಸಿದೆ. ನಮ್ಮನ್ನು ನಂಬಿ ಲೆಕ್ಕ ಕೊಟ್ಟವರಿಗೆ ದಂಡ ಬಿದ್ದರೆ ನಾನು ನೋಡಿದ ಸಮುದ್ರಕ್ಕೆ ಏನು ಬೆಲೆ? ಹೋಂಸ್ಟೇ ನಡೆಸುವ ನಮ್ಮ ಕೊಡಗಿನವರಿಗೂ ಇದನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ದಿನಗಟ್ಟಲೆ ಹೋಗುತ್ತದೆ, ನೆಟ್‌ವರ್ಕ್ ಅದರ ಹಿಂದೆಯೇ ಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. ಕೆಲಸ ಇಟ್ಟುಕೊಂಡು ಬರುವವರಿಗೆ ಬೆಟ್ಟದ ನೋಟಕ್ಕಿಂತ ನಿಜವಾದ ಮಾತು ಮುಖ್ಯ.

ಹೊನ್ನಾವರದಿಂದ ಸ್ವಲ್ಪ ಒಳಗೆ, ಶರಾವತಿ ದಡದ ಒಂದು ತೋಟದ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಎರಡು ದಿನ ಆ ಮನೆಯ ಅಕ್ಕ ಊಟ ಬಡಿಸಿ ಒಳಗೆ ಹೋಗುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಬಿಲ್ಲುಗಳನ್ನು ತಾಳೆ ಹಾಕುತ್ತಿದ್ದೆ. ಮೂರನೇ ದಿನ ಅವರು ಅಡಿಕೆ ಸುಲಿಯಲು ಅಲ್ಲೇ ಬಂದು ಕೂತರು. ಆಗ ನನಗೆ ಕಾಚಂಪುಳಿ ನೆನಪಾಯಿತು. ಬಾಟಲಿ ತಂದು ಕೊಟ್ಟೆ. ಮುಚ್ಚಳ ತೆಗೆದು ಮೂಸಿದರು, ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದರು. "ಇದು ನಮ್ಮ ಉಪ್ಪಾಗೆ ಅಲ್ದಾ?"

ಹೌದು, ಅದೇ ಮರ. ಗಾರ್ಸಿನಿಯಾ ಗುಮ್ಮಿ-ಗುಟ್ಟಾ. ನಾವು ಹಣ್ಣನ್ನು ರಾಶಿ ಹಾಕಿ, ಕೊಳೆತು ಇಳಿಯುವ ರಸ ಹಿಡಿದು, ಕುದಿಸಿ ಕುದಿಸಿ ಕಪ್ಪು ಹುಳಿ ಮಾಡುತ್ತೇವೆ. ಹಂದಿ ಮಾಂಸಕ್ಕೆ ಅದಿಲ್ಲದೆ ಆಗುವುದಿಲ್ಲ. ಅವರು ಸಿಪ್ಪೆಯನ್ನು ಹೊಗೆ ಹಾಕಿ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅಕ್ಕ ಒಳಗಿಂದ ಒಂದು ಡಬ್ಬಿ ತಂದರು. ಗಟ್ಟಿಯಾದ, ಬೆಣ್ಣೆ ಬಣ್ಣದ ಉಪ್ಪಾಗೆ ತುಪ್ಪ. ಬಿಸಿ ದೋಸೆ ಮೇಲೆ ಇಟ್ಟರು, ಕರಗುವುದಕ್ಕೆ ತುಸು ಹೊತ್ತು ಬೇಕಾಯಿತು. ನಲವತ್ತು ವರ್ಷದಿಂದ ಆ ಮರದ ನೆರಳಿನಲ್ಲೇ ಓಡಾಡಿದವಳು ನಾನು. ಅದರ ಬೀಜದಲ್ಲಿ ತುಪ್ಪ ಇದೆ ಅಂತ ನನಗೆ ಹೊನ್ನಾವರದಲ್ಲಿ ಗೊತ್ತಾಯಿತು. ಒಂದೇ ರಾತ್ರಿ ಉಳಿದು ಬೆಳಿಗ್ಗೆ ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಹೊರಟುಹೋಗಿದ್ದರೆ ಆ ಡಬ್ಬಿ ಹೊರಗೆ ಬರುತ್ತಿರಲಿಲ್ಲ.

ಕಾರವಾರಕ್ಕೆ ಹೋಗುವಾಗ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗಂಡ ತಾವಾಗಿಯೇ ಕಾರು ನಿಧಾನ ಮಾಡಿದರು. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ ಅದು. ಹೆದ್ದಾರಿ ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಕುಟುಂಬ ಮಣ್ಣಿನಡಿ ಹೋಯಿತು. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ನದಿಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು. ನದಿಪಾಲಾದ ಲಾರಿಯೊಂದು ಸಿಕ್ಕಿದ್ದು ಎರಡು ತಿಂಗಳ ಮೇಲೆ. ನಾವಿಬ್ಬರೂ ಮಾತಾಡಲಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಇದೇ ಕೆಂಪು ಮಣ್ಣು ಇಳಿದದ್ದನ್ನು ಕಂಡವರು ನಾವು. ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಗಿ, ಈ ಬದಿಯವರು ಆ ಬದಿಯ ನೆಂಟರ ಸುದ್ದಿಗಾಗಿ ಕಾದದ್ದು ನೆನಪಿದೆ. ಗುಡ್ಡದ ಕಾಲನ್ನು ನೆಟ್ಟಗೆ ಕತ್ತರಿಸಿದರೆ ಮೇಲಿನ ಮಣ್ಣು ಯಾವುದರ ಮೇಲೆ ನಿಲ್ಲಬೇಕು? ಮಳೆ ನೀರು ಕುಡಿದು ಭಾರವಾದಾಗ ಅದು ಇಳಿಯುತ್ತದೆ. ಬೇಗ ತಲುಪಬೇಕು, ಇನ್ನೂ ಬೇಗ ತಲುಪಬೇಕು ಅನ್ನುವ ನಮ್ಮೆಲ್ಲರ ಆಸೆಗೇ ಆ ಗುಡ್ಡಗಳನ್ನು ಕಡಿದದ್ದು. ಆ ಆಸೆಯಲ್ಲಿ ನನ್ನ ಪಾಲೂ ಉಂಟು ಅಂತ ಅಲ್ಲಿ ನಿಂತಾಗ ಅನಿಸಿತು, ಈಗಲೂ ಅನಿಸುತ್ತಿದೆ.

ಕಾರವಾರದಲ್ಲಿ ಹೆಚ್ಚೇನೂ ತಿರುಗಲಿಲ್ಲ. 20ನೇ ತಾರೀಕಿನ ಕೆಲಸ ಇತ್ತು, ಈ ಸಲ ಸಿಗ್ನಲ್ ಚೆನ್ನಾಗಿತ್ತು. ಸಂಜೆ ಕಾಳಿ ಸೇತುವೆಯ ತನಕ ಹೋಗಿ ಬರುತ್ತಿದ್ದೆವು. ಅಲ್ಲಿನ ಹಳೇ ಸೇತುವೆ ಬಿದ್ದದ್ದೂ ಅದೇ 2024ರ ಮಳೆಗಾಲದಲ್ಲಿ.

ಇಂಥ ಪ್ರಯಾಣ ಎಲ್ಲರಿಗೂ ಆಗುವಂಥದ್ದಲ್ಲ ಅಂತ ಗೊತ್ತು. ತೋಟದಲ್ಲಿ ಹಣ್ಣು ಕುಯ್ಯುವವರು, ಆಸ್ಪತ್ರೆಯ ನರ್ಸು, ಶಾಲೆಯ ಮೇಷ್ಟ್ರು ತಮ್ಮ ಕೆಲಸವನ್ನು ಕಾರಿನಲ್ಲಿಟ್ಟುಕೊಂಡು ಹೋಗಲಾರರು. ಆದರೆ ಸಾಧ್ಯ ಇರುವವರು, ಇಬ್ಬರೂ ಮನೆಯಲ್ಲೇ ಕೂತು ಪರದೆ ನೋಡುವವರು, ಹತ್ತು ಜಾಗದ ಪಟ್ಟಿ ಹರಿದು ಹಾಕಿ ಒಂದೂರಲ್ಲಿ ಮೂರು ದಿನವಾದರೂ ಇರಿ. ಕೊಡಗಿಗೂ ಹಾಗೇ ಬನ್ನಿ. ಸೋಮವಾರ ಬನ್ನಿ, ಗುರುವಾರ ಹೊರಡಿ. ನಿಮ್ಮ ಮೀಟಿಂಗ್ ಮುಗಿಯುವವರೆಗೆ ನಾಯಿ ಬೊಗಳದ ಹಾಗೆ ನೋಡಿಕೊಳ್ಳುವ ಮನೆಗಳು ಇಲ್ಲಿ ಬೇಕಾದಷ್ಟಿವೆ.

ವಾಪಸ್ ಬರುವಾಗ ಸಂಪಾಜೆ ದಾಟುತ್ತಿದ್ದಂತೆ ಚಳಿ ಶುರುವಾಗಿ ಕಿಟಕಿ ಏರಿಸಿದೆವು. ಕಾರಿನೊಳಗೆಲ್ಲ ಹೊಗೆ ವಾಸನೆ. ಅಕ್ಕ ಕೊಟ್ಟ ಒಣ ಉಪ್ಪಾಗೆ ಸಿಪ್ಪೆಯ ಕಟ್ಟಿನದು. ಮನೆಯಲ್ಲಿ ಅತ್ತೆ ಅದನ್ನು ಬಿಚ್ಚಿ, ಬೆರಳಲ್ಲಿ ತಿರುವಿ, ಬೀಜದ ತುಪ್ಪ ತೆಗೆಯುವುದು ಹೇಗಂತೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಹೇಳಿದರೆ ತಿಳಿಯುವುದಲ್ಲ, ಮಳೆಗಾಲದಲ್ಲಿ ಹಣ್ಣು ಬಿದ್ದಾಗ ಬಂದು ನೋಡಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದರು. ಜುಲೈ 11ಕ್ಕೂ 20ಕ್ಕೂ ನಡುವೆ ಎಂಟು ದಿನ ಸಿಗುತ್ತದೆ. ಘಾಟಿ ರಸ್ತೆ ತೆರೆದಿದ್ದರೆ ಮೂವರೂ ಹೋಗುತ್ತೇವೆ.