ಕುರ್ಚಿ ಬಿಡೋಣ, ಸಂಘ ಬಿಡುವುದು ಬೇಡ

ನಿವೃತ್ತರು ನೌಕರರ ಸಂಘದಿಂದ ಪೂರ್ತಿ ದೂರ ಸರಿಯಬೇಕು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಪದಾಧಿಕಾರಿ ಸ್ಥಾನದ ಮಟ್ಟಿಗೆ ಒಪ್ಪುತ್ತೇನೆ, ನಿವೃತ್ತರಾದವರು ಅಧ್ಯಕ್ಷಗಿರಿಗೆ ನಿಲ್ಲಲೇಬಾರದು. ಆದರೆ ಸಂಘವನ್ನೇ ಬಿಡಿ ಎಂದರೆ ಹೇಗೆ ಸರ್?

ನಾನು ಹೊಸನಗರ ತಾಲ್ಲೂಕಿನಲ್ಲಿ ಪಂಚಾಯಿತಿ ಕಾರ್ಯದರ್ಶಿಯಾಗಿ, ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತನಾದವನು. ಇಲ್ಲಿಗೆ ಹೊಸದಾಗಿ ಬರುವ ಪಿಡಿಒಗೆ ಮೊದಲು ಎದುರಾಗುವುದೇ ಇ-ಸ್ವತ್ತು, ಅಂದರೆ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ಕಂಪ್ಯೂಟರ್ ದಾಖಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಗ ಮುಳುಗಡೆಯಾಗಿ ಬಂದವರ ಎಷ್ಟೋ ಮನೆಗಳು ಇಂದಿಗೂ ದಾಖಲೆಯಿಲ್ಲದೆ ಅರಣ್ಯದ ಜಾಗದಲ್ಲೇ ಇವೆ. ಅರಣ್ಯ ಹಕ್ಕು ಕಾಯ್ದೆ ಕೇಳುವುದೋ, ಬುಡಕಟ್ಟಿನವರಲ್ಲದಿದ್ದರೆ, 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ. 1964ರ ಸುಮಾರಿಗೆ ಬಂದವರು ಅದನ್ನು ಎಲ್ಲಿಂದ ತೋರಿಸಬೇಕು? ವಯಸ್ಸಾದ ಅಮ್ಮನೊಬ್ಬರು ಮಾಸಿದ ಮನೆಕಂದಾಯದ ರಸೀದಿ ಹಿಡಿದು ಮೇಜಿನ ಮುಂದೆ ನಿಂತಾಗ, ಅದರ ಜೋಡಿ ನಮೂದು ಯಾವ ಹಳೆಯ ರಿಜಿಸ್ಟರಿನಲ್ಲಿದೆ, ಕಡತ ಯಾವ ಬೀರುವಿನಲ್ಲಿದೆ ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಗೊತ್ತಿರುವುದು ನಮಗೆ.

ಇನ್ನೊಂದು ಮಾತು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ಗೆ, ಅಂದರೆ ನೌಕರರ ಸಂಬಳದಿಂದಲೂ ವಂತಿಗೆ ಕಡಿತವಾಗುವ ಹೊಸ ಪಿಂಚಣಿ ಯೋಜನೆಗೆ ಬಿದ್ದರು. ಹಳೆ ಪಿಂಚಣಿಯಲ್ಲಿ ನೆಮ್ಮದಿಯಾಗಿರುವ ನಾವು ಅವರ ಹೋರಾಟಕ್ಕೆ ಹೋಗಿ ಕೂರದಿದ್ದರೆ ಅದು ದ್ರೋಹವೇ.

ಸಂಘದ ಬೈಲಾದಲ್ಲಿ ನಿವೃತ್ತರಿಗೆ ಮತದ ಹಕ್ಕಿಲ್ಲದ ಸಹಸದಸ್ಯತ್ವ ಕೊಡಲಿ, ವರ್ಷದ ವಂತಿಗೆಯನ್ನೂ ಕಟ್ಟುತ್ತೇವೆ.