ಕುಂಬಳಕಾಯಿ ಹಬ್ಬಕ್ಕೆ ಗುಂಡು ತಾಗದ ಗಾಡಿ ಯಾಕೆ?

ಸಣ್ಣ ಊರಿನ ಪೊಲೀಸರ ಜೀವಕ್ಕೂ ಬೆಲೆ ಇದೆ, ಅವರಿಗೂ ಸೇನೆಯಂಥ ಸಲಕರಣೆ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಜೀವಕ್ಕೆ ಬೆಲೆ ಇದೆ, ಒಪ್ಪಿದೆ. ಆದರೆ ಅಮೆರಿಕದ ಕೀನ್ ಊರನ್ನೇ ನೋಡಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಆ ಊರಲ್ಲಿ ಇರೋದೇ ಸುಮಾರು 23,000 ಜನ. ಅಲ್ಲಿನ ಪೊಲೀಸರು ಬೇರ್‌ಕ್ಯಾಟ್ ಅನ್ನೋ ಗುಂಡು ತಾಗದ ಗಾಡಿಗೆ ಕೇಂದ್ರ ಸರ್ಕಾರದ ಹಣ ಕೇಳಿದಾಗ, ಭಯೋತ್ಪಾದಕರು ದಾಳಿ ಮಾಡಬಹುದಾದ ಜಾಗ ಅಂತ ಊರಿನ ಕುಂಬಳಕಾಯಿ ಹಬ್ಬವನ್ನೂ ಅರ್ಜಿಯಲ್ಲಿ ಸೇರಿಸಿದ್ದರು. 2,85,000 ಡಾಲರಿಗಿಂತ ಜಾಸ್ತಿ ಹಣ ಬಂತು!

ಇನ್ನು ಅಮೆರಿಕ ಸರ್ಕಾರದ 1033 ಅನ್ನೋ ಯೋಜನೆ. ಸೇನೆಗೆ ಬೇಡವಾದ ರೈಫಲ್, ಗಾಡಿ ಎಲ್ಲ ಪೊಲೀಸರಿಗೆ ಹೆಚ್ಚುಕಡಿಮೆ ಬಿಟ್ಟಿಯಾಗಿ ಸಿಗುತ್ತದೆ, ಆದರೆ ತಗೊಂಡ ಮೇಲೆ ಒಂದು ವರ್ಷದೊಳಗೆ ಬಳಸಲೇಬೇಕು. ಬಳಸಲೇಬೇಕು ಅಂದರೆ ಯಾರ ಮೇಲೆ? ಊರಿನವರ ಮೇಲೇ ಅಲ್ವಾ?

2014ರ ಆಗಸ್ಟ್‌ನಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಫರ್ಗುಸನ್ ಊರಿನಿಂದ ಬಂದ ಫೋಟೋಗಳು ನನಗೆ ಇನ್ನೂ ಮರೆತಿಲ್ಲ. ಹಾಡುಹಗಲು. ಗಾಡಿಯ ಮೇಲೆ ಕೂತ ಪೊಲೀಸ್, ಮುಂದೆ ಸ್ಟ್ಯಾಂಡಿನ ಮೇಲೆ ರೈಫಲ್, ಅದರ ಗುರಿ ಬರಿಗೈಯಲ್ಲಿ ನಿಂತ ಜನರ ಕಡೆಗೆ. ಅವರು ಕೇಳುತ್ತಿದ್ದದ್ದು ಪೊಲೀಸ್ ಗುಂಡಿಗೆ ಸತ್ತ 18 ವರ್ಷದ ಹುಡುಗನಿಗೆ ನ್ಯಾಯ. ಹೀಗೆ ಬಂದೂಕು ಹಿಡಿದವರ ಹತ್ತಿರ ನಾಳೆ ಮನೆ ಕಳ್ಳತನ ಆಯ್ತು ಅಂತ ದೂರು ಕೊಡೋಕೆ ಯಾರಿಗೆ ಧೈರ್ಯ ಬರುತ್ತದೆ ಹೇಳಿ?