ಪ್ಯಾನೆಲ್ ಬೆಲೆ ಅರ್ಧಕ್ಕಿಳಿದರೂ ನಮಗೆ ಯಾಕೆ ಸಿಗುತ್ತಿಲ್ಲ?

'ಜಗತ್ತಿನಲ್ಲೆಲ್ಲ ಸೋಲಾರ್ ಪ್ಯಾನೆಲ್ ಬೆಲೆ ಅರ್ಧಕ್ಕಿಳಿದಿದೆ, ನಮ್ಮ ಡೀಲರ್‌ಗಳು ಮಾತ್ರ ಹಳೇ ರೇಟು ಹೇಳಿ ಮೋಸ ಮಾಡುತ್ತಿದ್ದಾರೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊದಲರ್ಧ ನಿಜ. ಉಳಿದರ್ಧಕ್ಕೆ ಸುಮ್ನೆ ಡೀಲರ್‌ಗಳನ್ನು ಬೈಯುವುದು ಸರಿಯಲ್ಲ.

2023ರ ಒಂದೇ ವರ್ಷದಲ್ಲಿ ಬೆಲೆ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಚೀನಾದ ಕಾರ್ಖಾನೆಗಳು ಬೇಡಿಕೆಗಿಂತ ತುಂಬಾ ಜಾಸ್ತಿ ಮಾಲು ತಯಾರಿಸಿದ್ದೇ ಇದಕ್ಕೆ ಮುಖ್ಯ ಕಾರಣ. ಜಗತ್ತಿನ ಪ್ಯಾನೆಲ್ ತಯಾರಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಚೀನಾದ್ದೇ.

ಆದರೆ ಆ ಅಗ್ಗದ ಪ್ಯಾನೆಲ್ ನಮ್ಮ ಮನೆ ಮಾಳಿಗೆಗೆ ನೇರವಾಗಿ ಬರುವುದಿಲ್ಲ. ಇಲ್ಲಿನ ಕಾರ್ಖಾನೆಗಳು ಉಳಿಯಲಿ ಎಂದು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಆಮದು ಪ್ಯಾನೆಲ್ ಮೇಲೆ ಶೇ 40, ಸೆಲ್ (ಪ್ಯಾನೆಲ್ ಒಳಗೆ ಬಿಸಿಲನ್ನು ವಿದ್ಯುತ್ ಮಾಡುವ ಬಿಲ್ಲೆ) ಮೇಲೆ ಶೇ 25 ಸುಂಕ ಹಾಕಿತು. 2024ರಲ್ಲಿ ಶುರುವಾದ, ಮನೆ ಮಾಳಿಗೆ ಸೋಲಾರ್‌ಗೆ ಕೇಂದ್ರದ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಅಲ್ವಾ? ಅದು ಸಿಗಬೇಕಾದರೆ ಪ್ಯಾನೆಲ್ ಅಷ್ಟೇ ಅಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇಂಥವನ್ನು ಡಿಸಿಆರ್ (ಡೊಮೆಸ್ಟಿಕ್ ಕಂಟೆಂಟ್ ರಿಕ್ವೈರ್‌ಮೆಂಟ್, ಅಂದರೆ ದೇಶೀ ತಯಾರಿಕೆಯ ಷರತ್ತು) ಪ್ಯಾನೆಲ್ ಅನ್ನುತ್ತಾರೆ. ಇಲ್ಲಿ ಸೆಲ್ ತಯಾರಿಸುವ ಕಾರ್ಖಾನೆಗಳು ಕಡಿಮೆ. ಹಾಗಾಗಿ ಬೆಲೆ ಜಾಸ್ತಿ. ಈ ನಿಯಮ ಬೇಕು ಎಂದೇ ನನ್ನ ಅಭಿಪ್ರಾಯ. ಎಲ್ಲದಕ್ಕೂ ಒಂದೇ ದೇಶವನ್ನು ನೆಚ್ಚಿಕೊಳ್ಳುವುದು ಅಪಾಯ. ಆದರೆ ಅದರ ಹೊರೆ ಗ್ರಾಹಕರ ಮೇಲೆ ಬೀಳುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕು.

ಇನ್ವರ್ಟರ್, ಸ್ಟ್ಯಾಂಡ್, ವೈರಿಂಗ್, ಕೂಲಿ ಖರ್ಚು ಬೇರೆ. ಪ್ಯಾನೆಲ್ ಅಗ್ಗವಾದರೆ ಇವೇನೂ ಇಳಿಯುವುದಿಲ್ಲ.

ರೇಟು ಕೇಳುವಾಗ 'ಇದು ಡಿಸಿಆರ್ ಪ್ಯಾನೆಲ್ಲಾ?' ಎಂದು ಕೇಳಿ, ಉತ್ತರವನ್ನು ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ.